ಕಲ್ಲು ಹಿಡಿತ ಬಿಟ್ಟಾಗ

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ದಾವಣಗೆರೆಯಲ್ಲಿ ನಿಮ್ಮ ಚಿತ್ರದುರ್ಗದ ಬಸ್ಸು ಹತ್ತುವಾಗ ನನ್ನ ಚೀಲದಲ್ಲಿ ಮೂರು ವಸ್ತು ಇದ್ದವು. ಮನೆಯ ಹಳೇ ತಾಮ್ರದ ಚೊಂಬು, ಎರಡು ನಿಂಬೆಹಣ್ಣು, ಒಂದು ಸಣ್ಣ ಬಾಟಲಿ ಅಮೋನಿಯಾ. ಚೊಂಬನ್ನು ಬೇಕಂತಲೇ ಒಂದು ತಿಂಗಳಿಂದ ತೊಳೆದಿಲ್ಲ. ಕಂಠದ ಸುತ್ತ ಹಸಿರು ಕಿಲುಬು ಹಿಡಿದಿದೆ. ಮುಂದಿನ ಸಾಲಿನಲ್ಲಿ ಕೂತಿರುವ ತಂಗಿ, ಬಾಮ್ಮ ಇಲ್ಲಿ. ಅರ್ಧ ಹೋಳು ನಿಂಬೆಹಣ್ಣು ತಗೊಂಡು ಆ ಹಸಿರಿನ ಮೇಲೆ ಚೆನ್ನಾಗಿ ಉಜ್ಜು. ಸಾಕು. ಈಗ ಸ್ವಲ್ಪ ನೀರು ಹಾಕಿ ತೊಳೆದು, ಆ ನೀರನ್ನು ಈ ಗಾಜಿನ ಲೋಟಕ್ಕೆ ಬಗ್ಗಿಸು.

ನೋಡಿ, ನೀರು ಹೆಚ್ಚುಕಮ್ಮಿ ತಿಳಿಯಾಗಿಯೇ ಇದೆ. ಒಂಚೂರು ಮಬ್ಬು, ಅಷ್ಟೇ. ನಿಂಬೆ ಪಾನಕ ಅಂತ ಯಾರಾದರೂ ಕೈಗೆ ಕೊಟ್ಟರೆ ಕುಡಿದುಬಿಡುತ್ತೀರಿ. ಈಗ ಅಮೋನಿಯಾ ಹಾಕುತ್ತೇನೆ. ವಾಸನೆ ಜೋರು, ಮುಂದೆ ಕೂತವರು ಒಂದು ನಿಮಿಷ ತಡೆದುಕೊಳ್ಳಿ.

ಕಂಡಿತಾ? ಎಂಥ ಕಡು ನೀಲಿ! ಹಿಂದೆ ಕೂತವರಿಗೂ ಕಾಣಲಿ ಅಂತ ಎತ್ತಿ ಹಿಡಿಯುತ್ತೇನೆ. ಅದು ತಾಮ್ರ. ಒಂದು ನಿಮಿಷದ ಹಿಂದೆ ಚೊಂಬಿಗೆ ಅಂಟಿಕೊಂಡಿತ್ತು, ಈಗ ನೀರಿನೊಳಗೆ ಓಡಾಡುತ್ತಿದೆ. ಈ ಮೇಜಿನ ಮೇಲೆ ಆಗಲೂ ಅಷ್ಟೇ ತಾಮ್ರ ಇತ್ತು, ಈಗಲೂ ಅಷ್ಟೇ ಇದೆ. ಹುಳಿ ತಾಗಿತು, ಹಿಡಿತ ಬಿಟ್ಟಿತು.

ನಾನು ರಸಾಯನ ವಿಜ್ಞಾನದವನು. ಮಣ್ಣು, ಹೂಳು, ನೀರು ಇವುಗಳಲ್ಲಿ ಲೋಹ ಹುಡುಕುವುದು ನನ್ನ ಕೆಲಸ. ಎಲ್ಲಿ ಹೋದರೂ ಜನ ಕೇಳುವುದು ಒಂದೇ ಪ್ರಶ್ನೆ: "ಸಾರ್, ನಮ್ಮೂರಲ್ಲಿ ಎಷ್ಟಿದೆ?" ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಆ ಲೋಹವನ್ನು ಈಗ ಯಾವುದು ಹಿಡಿದಿಟ್ಟುಕೊಂಡಿದೆ? ಯಾವಾಗ ಕೈಬಿಡುತ್ತದೆ? ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ನಿಮ್ಮ ಊರಿನದೇ ಒಂದು ಉದಾಹರಣೆ. ಇಲ್ಲಿಂದ ನಾಲ್ಕು ಹೆಜ್ಜೆ ಹೋದರೆ ಚಂದ್ರವಳ್ಳಿ. 1929ರಲ್ಲಿ ಎಂ. ಎಚ್. ಕೃಷ್ಣ ಅವರು ಅಲ್ಲಿ ಉತ್ಖನನ ಮಾಡಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಮಣ್ಣಿನಡಿ ಸಾತವಾಹನರ ಕಾಲದ ನಾಣ್ಯಗಳು ಸಿಕ್ಕವು. ಅವುಗಳಲ್ಲಿ ಸೀಸದ ನಾಣ್ಯಗಳೂ ಇದ್ದವು. ಹೆಚ್ಚುಕಮ್ಮಿ ಎರಡು ಸಾವಿರ ವರ್ಷದ ಮಳೆ, ಬಿಸಿಲು, ಗೆದ್ದಲು, ಬೇರು ಎಲ್ಲ ನೋಡಿದ ಮಣ್ಣು ಅದು. ಮರ ಕೊಳೆಯಿತು, ಬಟ್ಟೆ ಕೊಳೆಯಿತು. ಸೀಸ ಸೀಸವಾಗಿಯೇ ಇತ್ತು.

ಪ್ಲಾಸ್ಟಿಕ್ ಕರಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಪ್ಲಾಸ್ಟಿಕ್ಕನ್ನು ಸುಟ್ಟರೆ ಬೇರೆ ವಸ್ತುವಾಗುತ್ತದೆ. ಕೀಟನಾಶಕವನ್ನು ಸೂಕ್ಷ್ಮಜೀವಿ ನಿಧಾನಕ್ಕಾದರೂ ಒಡೆಯುತ್ತದೆ. ಸೀಸ, ಕ್ಯಾಡ್ಮಿಯಂ, ಪಾದರಸ ಹಾಗಲ್ಲ. ಇವು ಮೂಲವಸ್ತುಗಳು. ಸುಟ್ಟರೆ ಹೊಗೆಯಲ್ಲಿ ಹೋಗುತ್ತವೆ, ಇಲ್ಲವೇ ಬೂದಿಯಲ್ಲಿ ಉಳಿಯುತ್ತವೆ. ಹೂತರೆ ಮಣ್ಣಲ್ಲಿ, ತೊಳೆದರೆ ನೀರಲ್ಲಿ. ನಾವು ಮಾಡುವುದೆಲ್ಲ ಅವುಗಳ ವಿಳಾಸ ಬದಲಿಸುವ ಕೆಲಸ.

ಆದರೆ ಚಂದ್ರವಳ್ಳಿಯ ನಾಣ್ಯ ಅಲ್ಲೇ ಇತ್ತಲ್ಲ, ಯಾಕೆ? ಮಣ್ಣಿನಲ್ಲಿ ಬಿದ್ದ ಸೀಸದ ಮೇಲೆ ಒಂದು ಬಿಳಿ ಪದರ ಕಟ್ಟುತ್ತದೆ. ಅದು ನೀರಿನಲ್ಲಿ ಸುಲಭಕ್ಕೆ ಕರಗದ ಲವಣ. ಅದೇ ಒಳಗಿನ ಸೀಸಕ್ಕೆ ಹೊದಿಕೆ. ಮಣ್ಣು ಹುಳಿಯಾಗಿದ್ದರೆ ಕಥೆ ಬೇರೆ ಇರುತ್ತಿತ್ತು.

ಹುಳಿಯಾಗುವ ಕಥೆಗೂ ದೂರ ಹೋಗಬೇಕಿಲ್ಲ. ಇಂಗಳದಾಳ್ ನಿಮಗೆಲ್ಲ ಗೊತ್ತು. ಅಲ್ಲಿ ತಾಮ್ರದ ಗಣಿ ಇತ್ತು, ಈಗ ಮುಚ್ಚಿದೆ. ಈ ಸಭೆಯಲ್ಲೂ ಅಲ್ಲಿ ದುಡಿದವರ ಮನೆಯವರು ಇರಬಹುದು. ಅಲ್ಲಿನ ತಾಮ್ರ ಬರುವುದು ಚಾಲ್ಕೋಪೈರೈಟ್ ಅನ್ನುವ ಅದಿರಿನಲ್ಲಿ. ಅದರಲ್ಲಿ ತಾಮ್ರ, ಕಬ್ಬಿಣ, ಗಂಧಕ ಮೂರೂ ಸೇರಿರುತ್ತವೆ. ಜೊತೆಗೆ ಪೈರೈಟ್ ಇರುತ್ತದೆ. ಅದು ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ, ಚಿನ್ನದ ಹಾಗೆ ಮಿನುಗುತ್ತದೆ.

ಬೆಟ್ಟದ ಹೊಟ್ಟೆಯಲ್ಲಿ ಇರುವ ತನಕ ಪೈರೈಟ್ ತನ್ನ ಪಾಡಿಗೆ ತಾನಿರುತ್ತದೆ. ಗಾಳಿ ಇಲ್ಲ, ತೊಂದರೆ ಇಲ್ಲ. ಅಗೆದು ಹೊರಗೆ ಹಾಕಿದಾಗ ಗಾಳಿ, ನೀರು ಎರಡೂ ಸಿಗುತ್ತವೆ. ಆಗ ಗಂಧಕ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳಿಗೆ ಇದೇ ಊಟ, ಅವು ಸೇರಿಕೊಂಡರೆ ಕೆಲಸ ಇನ್ನೂ ಜೋರು. ಅಂದರೆ ಇಂಥ ಕಲ್ಲು ತನ್ನ ನಿಂಬೆಹಣ್ಣನ್ನು ತಾನೇ ಹೊತ್ತುಕೊಂಡಿರುತ್ತದೆ. ಅದರಿಂದ ಹೊರಟ ಹುಳಿ ಪಕ್ಕದಲ್ಲಿರುವ ತಾಮ್ರ, ಸತು, ನಿಕ್ಕಲ್ ಎಲ್ಲವನ್ನೂ ಎಬ್ಬಿಸಿ ಕರೆದುಕೊಂಡು ಹೋಗುತ್ತದೆ. ಕಬ್ಬಿಣ ಮುಂದೆ ಹಳ್ಳದಲ್ಲಿ ಕಾವಿ ಬಣ್ಣದ ರಾಡಿಯಾಗಿ ಕೂರುತ್ತದೆ.

ಗಣಿಯ ಕೆಲಸದಲ್ಲಿ ಅದಿರನ್ನು ಹಿಟ್ಟಿನ ಹಾಗೆ ಅರೆಯುತ್ತಾರೆ, ತಾಮ್ರ ತೆಗೆದು ಉಳಿದ ನುಣ್ಣನೆ ಪುಡಿಯನ್ನು ರಾಶಿ ಹಾಕುತ್ತಾರೆ. ಬೆಲ್ಲದ ಅಚ್ಚನ್ನು ನೀರಿಗೆ ಹಾಕಿದರೆ ಕರಗಲು ಎಷ್ಟು ಹೊತ್ತು, ಪುಡಿ ಬೆಲ್ಲಕ್ಕೆ ಎಷ್ಟು ಹೊತ್ತು? ಹಾಗೇ ಇದು. ಗಣಿ ಮುಚ್ಚಿತು, ಲೆಕ್ಕ ಚುಕ್ತಾ ಆಯಿತು ಅಂತ ನಾವು ಅಂದುಕೊಳ್ಳುತ್ತೇವೆ. ರಾಶಿಯೊಳಗಿನ ರಸಾಯನ ಕ್ರಿಯೆಗೆ ಬೀಗ ಹಾಕಲು ಆಗುವುದಿಲ್ಲ.

ಹಾಗಂತ ಎಲ್ಲ ಗಣಿಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಭೀಮಸಮುದ್ರದ ಕಡೆಯ ಕಬ್ಬಿಣದ ಅದಿರಿನ ಬಗ್ಗೆ ನನ್ನನ್ನು ತುಂಬಾ ಜನ ಕೇಳುತ್ತಾರೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರು ತೆಗೆಯುವುದನ್ನು ನಿಲ್ಲಿಸಿತ್ತು, ನೆನಪಿರಬಹುದು. ಆ ಅದಿರು ಮುಖ್ಯವಾಗಿ ಆಕ್ಸೈಡ್, ಅಂದರೆ ಕಬ್ಬಿಣ ಆಮ್ಲಜನಕದ ಜೊತೆ ಸೇರಿದ್ದು, ಗಂಧಕದ್ದಲ್ಲ. ಹಾಗಾಗಿ ಈ ರೀತಿ ಆಮ್ಲ ಹುಟ್ಟುವ ಭಯ ಕಡಿಮೆ. ಅಂಥ ಗಣಿಯ ಕಾಟ ಧೂಳಿನದು, ಹೂಳಿನದು. ಅಡಿಕೆ ಸೋಗೆಯ ಮೇಲೆ ಕೂರುವ ಕೆಂಧೂಳು, ಕೆರೆಗೆ ಇಳಿಯುವ ಕೆಮ್ಮಣ್ಣು. ಅದೂ ದೊಡ್ಡ ಕಷ್ಟವೇ. ಆದರೆ ರೋಗ ಬೇರೆ, ಮದ್ದೂ ಬೇರೆ.

ಇಲ್ಲೇ ಇನ್ನೊಂದು ಮಾತು. ಚಿತ್ರದುರ್ಗ ಅಂದರೆ ಫ್ಲೋರೈಡ್ ಅಲ್ವಾ ಅಂತ ಕೇಳುತ್ತೀರಿ. ಫ್ಲೋರೈಡ್ ಲೋಹ ಅಲ್ಲ. ಅದು ಬರುವುದು ಗಟ್ಟಿ ಬಂಡೆಯಿಂದ, ಆಳದ ಬೋರ್‌ವೆಲ್ ನೀರಿನ ಜೊತೆ. ಅದರದ್ದೇ ಒಂದು ದೊಡ್ಡ ಉಪನ್ಯಾಸ ಆಗಬೇಕು. ಇವತ್ತು ಅದನ್ನು ಮುಟ್ಟುವುದಿಲ್ಲ.

ಈಗ ಅಳೆಯುವ ವಿಷಯಕ್ಕೆ ಬರುತ್ತೇನೆ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ. ಕ್ಯಾಡ್ಮಿಯಂ ಆದರೆ 0.003. ಈ ಸೊನ್ನೆಗಳು ಮನಸ್ಸಿಗೆ ನಾಟುವುದಿಲ್ಲ. ಹೀಗೆ ನೋಡಿ. ನಿಮ್ಮ ಬೀದಿಗೆ ಬರುವ 5 ಸಾವಿರ ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥ 20 ಟ್ಯಾಂಕರ್ ನೀರಿಗೆ 1 ಗ್ರಾಂ ಸೀಸ ಬಿದ್ದರೆ ಮಿತಿ ಮುಟ್ಟಿತು. ಒಂದೇ ಒಂದು ಗ್ರಾಂ.

ಇದನ್ನು ಹಿಡಿಯಲು ನಾವು ಬಳಸುವ ಒಂದು ಯಂತ್ರದ ಹೆಸರು ಪರಮಾಣು ಹೀರಿಕೆ ರೋಹಿತಮಾಪಕ. ಹೆಸರು ಉದ್ದ, ಉಪಾಯ ಸರಳ. ಒಂದೊಂದು ಲೋಹದ ಪರಮಾಣುವೂ ತನಗೆ ಬೇಕಾದ ಬೆಳಕನ್ನು ಮಾತ್ರ ಹೀರುತ್ತದೆ. ತಾಮ್ರಕ್ಕೆ 324.8 ನ್ಯಾನೋಮೀಟರ್ ತರಂಗಾಂತರದ ಬೆಳಕು, ಕ್ಯಾಡ್ಮಿಯಂಗೆ 228.8. ನೀರನ್ನು ಜ್ವಾಲೆಗೆ ಸಿಂಪಡಿಸಿ ಆ ಬೆಳಕು ಬಿಡಬೇಕು. ಎಷ್ಟು ಬೆಳಕು ಕಡಿಮೆಯಾಯಿತೋ ಅದರ ಮೇಲೆ ಲೆಕ್ಕ. 1950ರ ದಶಕದಲ್ಲಿ ಆಸ್ಟ್ರೇಲಿಯಾದ ಅಲನ್ ವಾಲ್ಷ್ ಇದಕ್ಕೆ ದಾರಿ ತೋರಿಸಿದರು. ಸೀಸ, ಕ್ಯಾಡ್ಮಿಯಂನಂಥವು ತೀರಾ ಕಡಿಮೆ ಇದ್ದಾಗ ಜ್ವಾಲೆಯ ಬದಲು ಗ್ರಾಫೈಟ್ ಕುಲುಮೆ ಬೇಕಾಗುತ್ತದೆ.

ಯಂತ್ರ ಸುಳ್ಳು ಹೇಳುವುದಿಲ್ಲ. ಆದರೆ ಯಂತ್ರಕ್ಕೆ ನಾವು ಏನು ಕೊಟ್ಟೆವು ಅನ್ನುವುದು ಮುಖ್ಯ. ನಾನು ಸಂಶೋಧನೆ ಶುರು ಮಾಡಿದ ಮೊದಲ ವರ್ಷ ನಡೆದದ್ದು ಹೇಳುತ್ತೇನೆ. ತೆರೆದ ಬಾವಿಗಳ ನೀರು ತರುತ್ತಿದ್ದೆ. ಎಲ್ಲದರಲ್ಲೂ ಸತು ಕಾಣಿಸಿತು. ಗುಡ್ಡದ ಮೇಲಿನ ಬಾವಿಯಲ್ಲೂ ಸತು, ಊರೊಳಗಿನ ಬಾವಿಯಲ್ಲೂ ಸತು. ದೊಡ್ಡ ವಿಷಯ ಸಿಕ್ಕಿತು ಅಂತ ಎದೆ ಹೊಡೆದುಕೊಂಡಿತು. ಮೂರು ತಿಂಗಳು ಹೀಗೇ ಹೋಯಿತು. ಒಂದು ದಿನ ನನ್ನ ಗುರುಗಳು ಕೇಳಿದರು, "ನೀರು ಸೇದಿದ್ದು ಯಾವುದರಲ್ಲಪ್ಪ?" ಜಿಐ ಬಕೆಟ್‌ನಲ್ಲಿ. ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ನಾನು ಅಳೆದದ್ದು ಬಾವಿಯನ್ನಲ್ಲ, ಬಕೆಟ್ಟನ್ನು. ಆ ಮೂರು ತಿಂಗಳ ನೀರನ್ನೆಲ್ಲ ಚೆಲ್ಲಿದೆವು.

ಅವತ್ತಿನಿಂದ ಖಾಲಿ ಮಾದರಿ ಇಲ್ಲದೆ ನಾನು ಹೊರಗೆ ಹೋಗುವುದಿಲ್ಲ. ಶುದ್ಧ ನೀರು ತುಂಬಿದ ಒಂದು ಬಾಟಲಿ ನಮ್ಮ ಜೊತೆಯೇ ಬರುತ್ತದೆ. ಅಲ್ಲೇ ಮುಚ್ಚಳ ತೆಗೆದು, ಅದೇ ಬಕೆಟ್, ಅದೇ ಕೊಳವೆ ದಾಟಿಸಿ, ಅದೇ ಆಮ್ಲ ಹಾಕಿ ವಾಪಸ್ಸು ತರುತ್ತೇವೆ. ಅದರಲ್ಲಿ ಲೋಹ ಕಂಡರೆ ತಪ್ಪು ನಮ್ಮದು. ವಿದ್ಯಾರ್ಥಿಗಳೇ, ಯಾರಾದರೂ ದೊಡ್ಡ ಅಂಕಿ ತೋರಿಸಿದರೆ ಮೊದಲು ಕೇಳಿ, ಖಾಲಿ ಬಾಟಲಿಯಲ್ಲಿ ಎಷ್ಟು ಬಂತು?

ಈ ಖಾಲಿ ಬಾಟಲಿಯ ಹಠವೇ ಒಬ್ಬ ವಿಜ್ಞಾನಿಯ ಕೈಯಲ್ಲಿ ಲೋಕದ ಗಾಳಿಯನ್ನು ಬದಲಿಸಿದೆ. ಅವರ ಹೆಸರು ಕ್ಲೇರ್ ಪ್ಯಾಟರ್ಸನ್. ಅಮೆರಿಕದವರು. ಭೂಮಿಯ ವಯಸ್ಸು ಲೆಕ್ಕ ಹಾಕಲು ಉಲ್ಕಾಶಿಲೆಯಲ್ಲಿನ ಸೀಸವನ್ನು ಅಳೆಯುತ್ತಿದ್ದರು. ಏನು ಮಾಡಿದರೂ ಸೀಸ ಬೇಕಾದದ್ದಕ್ಕಿಂತ ಜಾಸ್ತಿ ಬರುತ್ತಿತ್ತು. ಗಾಜಿನಿಂದ, ನೀರಿನಿಂದ, ಧೂಳಿನಿಂದ, ತಮ್ಮ ಕೂದಲಿನಿಂದ. ಒಂದೊಂದನ್ನೇ ಕಳೆಯುತ್ತಾ ಹೋಗಿ, ಸೀಸವೇ ನುಸುಳದಂಥ ಕೋಣೆ ಕಟ್ಟಿದರು. 1956ರಲ್ಲಿ ಭೂಮಿಗೆ ಸುಮಾರು 455 ಕೋಟಿ ವರ್ಷ ಅಂತ ಪ್ರಕಟಿಸಿದರು. ಆ ಲೆಕ್ಕ ಇವತ್ತಿಗೂ ನಿಂತಿದೆ. ಬೇರೆಯವರಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇವರು ಕೇಳಿದರು, ಗಾಳಿಯಲ್ಲಿ ಇಷ್ಟೊಂದು ಸೀಸ ಬಂದದ್ದಾದರೂ ಎಲ್ಲಿಂದ? ಬಹುಪಾಲು ಪೆಟ್ರೋಲಿನಿಂದ. 1920ರ ದಶಕದಿಂದ ಎಂಜಿನ್ ಬಡಿಯದಿರಲಿ ಅಂತ ಪೆಟ್ರೋಲಿಗೆ ಸೀಸದ ಸಂಯುಕ್ತ ಸೇರಿಸುತ್ತಿದ್ದರು. ಪ್ಯಾಟರ್ಸನ್ ಅದರ ವಿರುದ್ಧ ನಿಂತರು, ಸಂಶೋಧನೆಗೆ ಬರುವ ದುಡ್ಡು ನಿಂತರೂ ಬಿಡಲಿಲ್ಲ. ನಮ್ಮಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾದಲ್ಲಿ, 2021ರಲ್ಲಿ. ನಾನು ಈ ವಿಷಯಕ್ಕೆ ಬಂದದ್ದೇ ಅವರ ಕಥೆ ಓದಿ. ಆ ಋಣ ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಬರುವುದಿಲ್ಲ.

ಪೆಟ್ರೋಲಿನಿಂದ ಸೀಸ ಹೋಯಿತು, ಸರಿ. ಬಿದ್ದ ಸೀಸ? ಅದು ಹಳೇ ರಸ್ತೆಗಳ ಪಕ್ಕದ ಮಣ್ಣಿನಲ್ಲಿ ಮೇಲಿನ ಕೆಲವು ಅಂಗುಲದೊಳಗೇ ಕೂತಿದೆ. ಸೀಸವನ್ನು ಜೇಡಿಮಣ್ಣು, ಕೊಳೆತ ಎಲೆಗೊಬ್ಬರ ಬಿಗಿಯಾಗಿ ಹಿಡಿಯುತ್ತವೆ. ಹಾಗಾಗಿ ಅದು ಬೇಗ ಬಾವಿಗೆ ಇಳಿಯುವುದಿಲ್ಲ. ಒಳ್ಳೆಯದೇ ಆಯಿತಲ್ಲ ಅನ್ನಿಸಬಹುದು. ಆದರೆ ಆ ಮೇಲಿನ ಎರಡಂಗುಲ ಮಣ್ಣಿನಲ್ಲಿ ಆಡುವವರು ಯಾರು?

ಮಕ್ಕಳು. ಗೋಲಿ ಆಡುತ್ತವೆ, ಕೈ ಬಾಯಿಗೆ ಹೋಗುತ್ತದೆ. ಹೊಟ್ಟೆಯಲ್ಲಿ ಇರುವುದು ಏನು? ಹುಳಿ. ಹೈಡ್ರೋಕ್ಲೋರಿಕ್ ಆಮ್ಲ. ಈ ತಂಗಿ ಚೊಂಬಿಗೆ ಮಾಡಿದ್ದನ್ನು ಮಗುವಿನ ಹೊಟ್ಟೆ ಧೂಳಿಗೆ ಮಾಡುತ್ತದೆ. ಮಣ್ಣು ಬಿಗಿಹಿಡಿದಿದ್ದ ಸೀಸ ಅಲ್ಲಿ ಬಿಡುಗಡೆಯಾಗುತ್ತದೆ. ನಾವು ದೊಡ್ಡವರು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ ಸೀಸವನ್ನು ಎಳೆಯ ಮಕ್ಕಳು ಹೀರಿಕೊಳ್ಳಬಹುದು. ಮೆದುಳು ಬೆಳೆಯುವ ವಯಸ್ಸು ಅದು. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಸೀಸಕ್ಕೆ ತಿಳಿದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ರಕ್ತಕ್ಕೆ ಸೇರಿದ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧ ಇಳಿಯುತ್ತದೆ. ಹೊರಗೆ ಹೋಗದೆ ಉಳಿದದ್ದು ಎಲುಬಿಗೆ ಸೇರುತ್ತದೆ. ಸೀಸವನ್ನು ದೇಹ ಕ್ಯಾಲ್ಸಿಯಂ ಅಂತ ತಿಳಿಯುತ್ತದೆ, ಎಲುಬಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಇಟ್ಟುಕೊಳ್ಳುತ್ತದೆ. ಈಗ ಒಂದು ಹೆಣ್ಣುಮಗುವನ್ನು ನೆನೆಸಿಕೊಳ್ಳಿ. ಐದನೇ ವಯಸ್ಸಿಗೆ ಎಲುಬಿಗೆ ಸೇರಿದ ಸೀಸ. ಇಪ್ಪತ್ತೈದಕ್ಕೆ ಬಸುರಿಯಾಗುತ್ತಾಳೆ. ಹೊಟ್ಟೆಯ ಕೂಸಿಗೆ ಕ್ಯಾಲ್ಸಿಯಂ ಬೇಕು, ತಾಯಿಯ ಎಲುಬು ಬಿಟ್ಟುಕೊಡುತ್ತದೆ. ಕ್ಯಾಲ್ಸಿಯಂ ಜೊತೆ ಸೀಸವನ್ನೂ ಬಿಟ್ಟುಕೊಡುತ್ತದೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ.

ಊಟದ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಕ್ಯಾಲ್ಸಿಯಂ, ಕಬ್ಬಿಣದ ಅಂಶ ಸರಿಯಾಗಿ ಇರುವ ಮಗುವಿನ ಕರುಳು ಸೀಸವನ್ನು ಕಡಿಮೆ ಹೀರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ತಿಂದರೆ ಸೀಸ ಇಳಿದುಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಹಬ್ಬಿಸಬೇಡಿ. ಆದರೆ ಹಸಿದ ಹೊಟ್ಟೆಗಿಂತ ಮುದ್ದೆ ಸೊಪ್ಪಿನ ಸಾರು ಉಂಡ ಹೊಟ್ಟೆ ವಾಸಿ.

ನಮ್ಮ ದಾವಣಗೆರೆಯ ಕಡೆಗೆ ಬರೋಣ. ಸೀಸ 327 ಡಿಗ್ರಿಗೇ ಕರಗುತ್ತದೆ. ಇದ್ದಿಲ ಒಲೆ ಸಾಕು. ಹಾಗಾಗಿ ಹಳೇ ಬ್ಯಾಟರಿ ಒಡೆದು ಹಿತ್ತಲಲ್ಲೇ ಸೀಸ ಕರಗಿಸುವ ಕಸುಬು ದೇಶದ ಬಹಳ ಊರುಗಳಲ್ಲಿ ನಡೆಯುತ್ತದೆ. ಕಾರಿನ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸವೇ. ಒಡೆದಾಗ ಚೆಲ್ಲುವ ಆಮ್ಲ, ಕರಗಿಸುವಾಗ ಏಳುವ ಹೊಗೆ, ಅಪ್ಪನ ಅಂಗಿಗೆ ಅಂಟಿ ಮನೆಗೆ ಬರುವ ಬೂದಿ. ಹಳೇ ಬ್ಯಾಟರಿಯನ್ನು ಹೊಸದು ಕೊಡುವ ಅಂಗಡಿಗೇ ವಾಪಸ್ಸು ಕೊಡಿ, ಗುಜರಿಗೆ ಐವತ್ತು ನೂರು ರೂಪಾಯಿ ಜಾಸ್ತಿ ಸಿಗುತ್ತದೆ ಅಂದರೂ ಬೇಡ. ಹಾಗೇ ಮಂಡಕ್ಕಿ ಭಟ್ಟಿ. ಹಿಂದೆ ಕೆಲವು ಕಡೆ ಹಳೇ ಟೈರ್ ಉರಿಸುತ್ತಿದ್ದರು. ಟೈರಿನಲ್ಲಿ ಸತುವಿನ ಆಕ್ಸೈಡ್ ಇರುತ್ತದೆ, ಅದು ಬೂದಿಗೆ, ಮಸಿಗೆ ಸೇರುತ್ತದೆ. ಒಲೆಯ ಮುಂದೆ ದಿನವಿಡೀ ಬೇಯುವವರ ಎದೆಗೂ ಸೇರುತ್ತದೆ. ಆ ದುಡಿಮೆಗಾರರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಭತ್ತದ ಹೊಟ್ಟು ಟೈರಿಗಿಂತ ಸುಲಭಕ್ಕೆ ಸಿಗುವ ಹಾಗೆ ಮಾಡಬೇಕಾದವರು ಬೇರೆಯವರು.

ರೈತರು ಬಂದಿದ್ದೀರಿ. ನಿಮಗೆ ಎರಡು ಮಾತು ಹೇಳಬೇಕು. ಒಂದು, ಗೋಡುಮಣ್ಣು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೊಲಕ್ಕೆ ಗೋಡು ಹೊಡೆಸುತ್ತೀರಿ, ಅಲ್ವಾ? ಹಳ್ಳಿಯ ಕೆರೆಯ ಗೋಡು ಬಂಗಾರ. ಅದರಲ್ಲಿ ಎರಡು ಮಾತಿಲ್ಲ. ಆದರೆ ಪಟ್ಟಣದ ಚರಂಡಿ ಸೇರುವ ಕೆರೆಯ ಗೋಡು ಬೇರೆ ಜಾತಿ. ನುಣ್ಣನೆ ಜೇಡಿ, ಕೊಳೆತ ಕಸ ಲೋಹವನ್ನು ಹಿಡಿಯುತ್ತವೆ ಅಂದೆನಲ್ಲ, ಗೋಡು ಅಂದರೆ ಅದೇ ಎರಡು. ಗ್ಯಾರೇಜಿನ ತೊಳೆನೀರು, ಬಣ್ಣ, ಪ್ಲೇಟಿಂಗ್ ಅಂಗಡಿಯ ಆಮ್ಲ, ಎಲ್ಲ ವರ್ಷಗಟ್ಟಲೆ ಅಲ್ಲಿ ತಂಗಿರುತ್ತದೆ. ನೀರಿನಡಿ ಗಾಳಿ ಸಿಗದೆ ಸುಮ್ಮನಿದ್ದದ್ದು ಹೊಲದ ಬಿಸಿಲಿಗೆ ಬಂದಾಗ ಸಡಿಲಾಗುತ್ತದೆ. ಅಂಥ ಕೆರೆಯ ಗೋಡು ಹೊಡೆಸುವ ಮೊದಲು ಒಂದು ಮಾದರಿ ಪರೀಕ್ಷೆ ಮಾಡಿಸಿ.

ಇನ್ನೊಂದು, ಭತ್ತ. ಜಪಾನಿನ ತೊಯಾಮಾದಲ್ಲಿ ಜಿಂಜು ಅನ್ನುವ ನದಿ ಇದೆ. ಮೇಲೆ ಸತುವಿನ ಗಣಿ, ಕೆಳಗೆ ಗದ್ದೆಗಳು. ಸತು ಇದ್ದಲ್ಲಿ ಕ್ಯಾಡ್ಮಿಯಂ ಜೊತೆಗಾರನ ಹಾಗೆ ಇರುತ್ತದೆ. ಅದು ನದಿಗೆ, ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂತು. ಮುಖ್ಯವಾಗಿ ಹೆತ್ತು ಹೊತ್ತ ವಯಸ್ಸಾದ ಹೆಂಗಸರಲ್ಲಿ ಮೂತ್ರಪಿಂಡ ಕೆಟ್ಟು, ಎಲುಬು ಟೊಳ್ಳಾಗಿ, ಕೆಮ್ಮಿದರೂ ಮುರಿಯುವಂತಾಯಿತು. ನೋವು ನೋವು ಅಂತ ಅವರು ನರಳಿದ್ದೇ ರೋಗದ ಹೆಸರಾಯಿತು, ಇತಾಯ್ ಇತಾಯ್. ಕಾರಣ ಕ್ಯಾಡ್ಮಿಯಂ ಅಂತ ಸರ್ಕಾರ ಒಪ್ಪಿದ್ದು 1968ರಲ್ಲಿ. ಗದ್ದೆಯ ಮಣ್ಣು ಸರಿಮಾಡುವ ಕೆಲಸ 1979ರಲ್ಲಿ ಶುರುವಾಗಿ ಮುಗಿದದ್ದು 2012ಕ್ಕೆ. 33 ವರ್ಷ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಗದ್ದೆಯಲ್ಲಿ ನೀರು ನಿಂತಿದ್ದಾಗ ಕ್ಯಾಡ್ಮಿಯಂ ಗಂಧಕದ ಜೊತೆ ಕಟ್ಟಿಕೊಂಡು ಮಣ್ಣಲ್ಲೇ ಇರುತ್ತದೆ. ನೀರು ಬಸಿದಾಗ ಬಿಡುಗಡೆಯಾಗಿ ಬೇರಿಗೆ ಹೋಗುತ್ತದೆ. ಆರ್ಸೆನಿಕ್ ಇದಕ್ಕೆ ತದ್ವಿರುದ್ಧ. ನೀರು ನಿಂತರೆ ಸಡಿಲಾಗುತ್ತದೆ, ಬಸಿದರೆ ಕಟ್ಟಿಕೊಳ್ಳುತ್ತದೆ. ಅದೇ ಮಣ್ಣು, ಅದೇ ಲೋಹ. ತೂಬು ಎತ್ತಿದಿರೋ ಇಳಿಸಿದಿರೋ ಅನ್ನುವುದರ ಮೇಲೆ ಅನ್ನದಲ್ಲಿ ಏನು ಬರುತ್ತದೆ ಅನ್ನುವುದು ನಿಂತಿದೆ. ಭದ್ರಾ ನಾಲೆಯ ಬಯಲಲ್ಲಿ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಒಂದು ಎಚ್ಚರಿಕೆ. ಮನೆಗೆ ಬಂದು ನೀರಿಗೆ ಸಣ್ಣ ಕಡ್ಡಿಯಂಥ ಮೀಟರ್ ಅದ್ದಿ, ಟಿಡಿಎಸ್ ಇಷ್ಟು, ನೀರು ಚೆನ್ನಾಗಿದೆ ಅನ್ನುತ್ತಾರೆ. ಆ ಮೀಟರ್ ನೀರಿನ ಒಟ್ಟು ಲವಣಗಳನ್ನು ಅಂದಾಜು ಮಾಡುತ್ತದೆ. ಅದರ ಕನಿಷ್ಠ ಲೆಕ್ಕವೇ ಲೀಟರಿಗೆ 1 ಮಿಲಿಗ್ರಾಂ. ಸೀಸದ ಮಿತಿ ಅದರ ನೂರನೇ ಒಂದು ಭಾಗ. ಮಿತಿಯ ಹತ್ತು ಪಟ್ಟು ಸೀಸ ಇದ್ದರೂ ಆ ಮುಳ್ಳು ಅಲುಗುವುದಿಲ್ಲ. ಲೋಹಕ್ಕೆ ಲೋಹದ ಪರೀಕ್ಷೆಯೇ ಆಗಬೇಕು.

ಈಗ ಬಿಸಿಲು ಜೋರಿದೆ. ಗಂಧಕದ ಅದಿರು ಬಿದ್ದಿರುವ ಕಡೆ ಬೇಸಿಗೆಯಲ್ಲಿ ತೇವ ಮೇಲಕ್ಕೆ ಬಂದು ಆರುತ್ತದೆ. ಕಲ್ಲಿನ ಮೇಲೆ ಬಿಳಿ, ಹಳದಿ, ಕೆಲವೊಮ್ಮೆ ತಿಳಿನೀಲಿ ಉಪ್ಪು ಹೂವಿನ ಹಾಗೆ ಅರಳುತ್ತದೆ. ಹುಳಿ, ಲೋಹ ಎರಡೂ ಅದರಲ್ಲಿ ಶೇಖರವಾಗಿರುತ್ತವೆ. ಮೊದಲ ಮಳೆ ಬಿದ್ದಾಗ ಎಲ್ಲ ಒಟ್ಟಿಗೇ ಕರಗಿ ಹರಿಯುತ್ತದೆ. ಒಂದು ವಾರ ಬಿಟ್ಟು ಹೋದರೆ ಹಳ್ಳದ ನೀರು ಸಾಧುವಾಗಿರುತ್ತದೆ. ವರ್ಷಕ್ಕೊಮ್ಮೆ, ಪುರಸೊತ್ತಾದಾಗ ಹೋಗಿ ಒಂದು ಬಾಟಲಿ ತಂದು ಎಲ್ಲ ಸರಿಯಿದೆ ಅಂತ ಬರೆದರೆ ಆ ಮೊದಲ ಅರ್ಧ ಗಂಟೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅದಕ್ಕೇ ಈ ಸಲ ಇಲ್ಲಿನ ವಿದ್ಯಾರ್ಥಿಗಳ ಜೊತೆ ಒಂದು ಮಾತಾಗಿದೆ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗಳನ್ನು ನೈಟ್ರಿಕ್ ಆಮ್ಲದಲ್ಲಿ ತೊಳೆದು, ಶುದ್ಧ ನೀರಲ್ಲಿ ಜಾಲಿಸಿ, ಚೀಲಗಳಲ್ಲಿ ಕಟ್ಟಿ ತಂದಿದ್ದೇನೆ. ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿವೆ. ಒಂದೊಂದರ ಮೇಲೂ ಚೀಟಿ ಇದೆ. ಜಾಗ, ದಿನ, ಮಳೆ ಶುರುವಾಗಿ ಎಷ್ಟು ಹೊತ್ತಾಗಿತ್ತು ಅಂತ ಬರೆಯಬೇಕು. ಇಂಗಳದಾಳ್ ಸುತ್ತಿನ ಹಳ್ಳಗಳ ಹತ್ತಿರ ಮನೆ ಇರುವವರು ಇಬ್ಬಿಬ್ಬರು ಸೇರಿ ಎರಡು ಬಾಟಲಿ ತಗೊಳ್ಳಿ. ಒಂದು ಹಳ್ಳಕ್ಕೆ, ಒಂದು ಖಾಲಿ ಮಾದರಿಗೆ. ಹಳ್ಳಕ್ಕೆ ಇಳಿಯಬೇಡಿ, ದಡದಿಂದಲೇ ಪ್ಲಾಸ್ಟಿಕ್ ಮಗ್‌ನಲ್ಲಿ ತುಂಬಿ. ಜಿಐ ಬಕೆಟ್ ಮಾತ್ರ ಬೇಡ. ಭರಣಿ ಮಳೆ ರಾತ್ರಿ ಎರಡು ಗಂಟೆಗೆ ಬಂದರೂ ನನಗೆ ಫೋನ್ ಮಾಡಿ. ಆಮ್ಲ, ಫಿಲ್ಟರ್ ಎಲ್ಲ ತಗೊಂಡು ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ.